ಹೊಗೆ, ಉಸಿರು, ಉರುವಲು: ಪದೇ ಪದೇ ಕೇಳುವ ಪ್ರಶ್ನೆಗಳು

ಗಾಳಿ ಕೆಟ್ಟಿದೆ ಅನ್ನುವ ಸುದ್ದಿ ಬಂದಾಗಲೆಲ್ಲ ಅವೇ ಒಂದಷ್ಟು ಪ್ರಶ್ನೆಗಳು ತಿರುಗಿ ಬರುತ್ತವೆ. ಮಾಸ್ಕ್ ಸಾಕಾ, ಗಿಡ ನೆಟ್ಟರೆ ಆಗುತ್ತಾ, ಕರೆಂಟ್ ಗಾಡಿ ಬರೀ ನಾಟಕ ಅಲ್ವಾ ಅಂತ. ಬಿಡಿಬಿಡಿಯಾಗಿ ಉತ್ತರ ಕೊಟ್ಟು ಸಾಕಾಗಿ ಎಲ್ಲವನ್ನೂ ಒಂದೇ ಕಡೆ ಬರೆದಿದ್ದೇನೆ. ಮೊದಲೇ ಹೇಳಿಬಿಡುತ್ತೇನೆ, ನನಗೂ ಒಂದು ಪಕ್ಷ ಇದೆ: ಎದ್ದ ಹೊಗೆಯ ಹಿಂದೆ ಜರಡಿ ಹಿಡಿದು ಓಡುವುದಕ್ಕಿಂತ ಉರಿಸುವುದನ್ನೇ ಕಡಿಮೆ ಮಾಡುವುದು ಸುಲಭ. ಓದುವಾಗ ಅದು ನೆನಪಿರಲಿ.

ಪಿಎಂ 2.5 ಅಂತಾರಲ್ಲ, ಹಾಗಂದರೆ ಏನು?

ಗಾಳಿಯಲ್ಲಿ ತೇಲುವ ಸಣ್ಣ ಕಣಗಳು. ಅಡ್ಡಳತೆ 2.5 ಮೈಕ್ರಾನ್ ಅಥವಾ ಅದಕ್ಕಿಂತ ಕಡಿಮೆ. ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್, ಅಂದರೆ ಒಂದು ಕೂದಲಿನ ಅಗಲಕ್ಕೆ ಇಂಥ 28 ಕಣಗಳನ್ನು ಸಾಲಾಗಿ ಕೂರಿಸಬಹುದು. ಮೂಗಿನ ಕೂದಲು, ಗಂಟಲಿನ ಲೋಳೆ ಹಿಡಿಯುವುದು ದಪ್ಪ ಧೂಳನ್ನು. ಇವು ಅದನ್ನೆಲ್ಲ ದಾಟಿ ಶ್ವಾಸಕೋಶದ ಕಟ್ಟಕಡೆಯ ಗಾಳಿಚೀಲದವರೆಗೂ ಹೋಗುತ್ತವೆ, ಅತಿ ಸಣ್ಣವು ರಕ್ತಕ್ಕೂ ಇಳಿಯುತ್ತವೆ.

ಇವೆಲ್ಲ ಮಸಿಯೇ ಅಂದುಕೊಳ್ಳಬೇಡಿ. ಒಂದು ದೊಡ್ಡ ಪಾಲು ಗಾಳಿಯಲ್ಲೇ ಹುಟ್ಟುತ್ತದೆ. ಕಲ್ಲಿದ್ದಲು ಉರಿದಾಗ ಬರುವ ಗಂಧಕದ ಡೈಆಕ್ಸೈಡ್ ಅನಿಲ ಸಲ್ಫೇಟ್ ಕಣವಾಗುತ್ತದೆ. ವಾಹನಗಳ ನೈಟ್ರೋಜನ್ ಆಕ್ಸೈಡು ಹೊಲದ ಗೊಬ್ಬರದಿಂದ, ದನದ ಕೊಟ್ಟಿಗೆಯಿಂದ ಏಳುವ ಅಮೋನಿಯಾ ಜೊತೆ ಸೇರಿ ಇನ್ನೊಂದು ಬಗೆಯ ಕಣವಾಗುತ್ತದೆ. ಹಾಗಾಗಿ ನೂರಾರು ಕಿಲೋಮೀಟರ್ ದೂರದ ಚಿಮಣಿ ಕೂಡ ನಿಮ್ಮ ಉಸಿರಿಗೆ ಬರಬಹುದು.

ಹೊಗೆ ಕುಡಿದರೆ ಕೆಮ್ಮು ಬರುತ್ತದೆ, ಸರಿ. ಸಾಯುವಂಥದ್ದು ಏನಿದೆ?

ಎಲ್ಲರೂ ಶ್ವಾಸಕೋಶವನ್ನೇ ನೋಡುತ್ತಾರೆ, ಪೆಟ್ಟು ಜಾಸ್ತಿ ಬೀಳುವುದು ಹೃದಯಕ್ಕೆ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 2019ರಲ್ಲಿ ಹೊರಗಿನ ಗಾಳಿಯ ಮಾಲಿನ್ಯದಿಂದ ಸುಮಾರು 42 ಲಕ್ಷ ಜನ ಅವಧಿಗೆ ಮುಂಚೆ ಸತ್ತರು. ಅದರಲ್ಲಿ ಮೂರರಲ್ಲಿ ಎರಡು ಪಾಲು ಹೃದಯಾಘಾತ ಮತ್ತು ಪಾರ್ಶ್ವವಾಯು. ಕಣಗಳು ಒಳಗೆ ಹೋದಾಗ ದೇಹ ಉರಿಯೂತದಿಂದ ಪ್ರತಿಕ್ರಿಯಿಸುತ್ತದೆ, ರಕ್ತ ಹೆಪ್ಪುಗಟ್ಟುವ ಗುಣ ಹೆಚ್ಚುತ್ತದೆ, ರಕ್ತನಾಳದ ಗೋಡೆ ಒರಟಾಗುತ್ತದೆ. ಇದು ವರ್ಷಗಟ್ಟಲೆ ಸದ್ದಿಲ್ಲದೆ ನಡೆದು, ಒಂದು ದಿನ ಎದೆನೋವಾಗಿ ಕಾಣಿಸುತ್ತದೆ. ಆಗ ಯಾರೂ ಗಾಳಿಯನ್ನು ಬೈಯುವುದಿಲ್ಲ, ಬಿಪಿ ಇತ್ತು ಅನ್ನುತ್ತಾರೆ.

ಉಳಿದಂತೆ ಉಬ್ಬಸ, ಸಿಒಪಿಡಿ (ಉಸಿರುದಾರಿ ಕಟ್ಟುತ್ತಾ ಹೋಗುವ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ), ಮಕ್ಕಳಲ್ಲಿ ನ್ಯುಮೋನಿಯಾ, ಸಕ್ಕರೆ ಕಾಯಿಲೆ, ಕಡಿಮೆ ತೂಕದ ಕೂಸು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2013ರಲ್ಲಿ ಹೊರಗಿನ ಗಾಳಿಯ ಮಾಲಿನ್ಯವನ್ನು ಮೊದಲ ಗುಂಪಿನ ಕ್ಯಾನ್ಸರ್‌ಕಾರಕ ಎಂದು ಸೇರಿಸಿತು. ತಂಬಾಕು ಇರುವುದೂ ಅದೇ ಗುಂಪಿನಲ್ಲಿ.

ಮಕ್ಕಳ ಕತೆ ಬೇರೆ. ದೇಹದ ತೂಕಕ್ಕೆ ಹೋಲಿಸಿದರೆ ಅವರು ನಮಗಿಂತ ಜಾಸ್ತಿ ಗಾಳಿ ಎಳೆಯುತ್ತಾರೆ, ರಸ್ತೆಯಲ್ಲಿ ಅವರ ಮುಖ ಗಾಡಿಯ ಹೊಗೆ ಕೊಳವೆಗೆ ಹತ್ತಿರ ಇರುತ್ತದೆ.

ಇದೆಲ್ಲ ಬರೀ ಅಂದಾಜು ಅಲ್ವಾ? ಹೊಗೆಯಿಂದಲೇ ಸತ್ತರು ಅಂತ ಹೇಗೆ ಹೇಳ್ತೀರಿ?

ಒಳ್ಳೆಯ ಪ್ರಶ್ನೆ. ಮರಣ ಪ್ರಮಾಣಪತ್ರದಲ್ಲಿ ಗಾಳಿ ಅಂತ ಯಾರೂ ಬರೆಯುವುದಿಲ್ಲ. ಹೀಗೆ ಬರೆದ ಅಪರೂಪದ ಉದಾಹರಣೆ ಲಂಡನ್ನಿನದು: 2013ರಲ್ಲಿ ಉಬ್ಬಸದಿಂದ ತೀರಿಕೊಂಡ ಒಂಬತ್ತು ವರ್ಷದ ಹುಡುಗಿಯ ಸಾವಿಗೆ ಗಾಳಿಯ ಮಾಲಿನ್ಯವೂ ಕಾರಣ ಎಂದು ಅಲ್ಲಿನ ವಿಚಾರಣಾಧಿಕಾರಿ 2020ರ ಡಿಸೆಂಬರ್‌ನಲ್ಲಿ ದಾಖಲಿಸಿದರು.

ಉಳಿದಂತೆ ಪುರಾವೆ ಸಿಗುವುದು ಹೋಲಿಕೆಯಿಂದ. ಅದೇ ಲಂಡನ್ನಿನಲ್ಲಿ 1952ರ ಡಿಸೆಂಬರ್ 5ರಿಂದ 9ರವರೆಗೆ ಗಾಳಿ ನಿಂತುಹೋಗಿ ಮನೆಮನೆಯ ಕಲ್ಲಿದ್ದಲು ಹೊಗೆ ಊರ ಮೇಲೆ ಮುಚ್ಚಳದಂತೆ ಕೂತಿತ್ತು. ಮಾಮೂಲಿಗಿಂತ ಸುಮಾರು 4,000 ಜನ ಹೆಚ್ಚಿಗೆ ಸತ್ತರು ಎಂದು ಆಗ ಲೆಕ್ಕ ಹಾಕಿದರು. ನಂತರದ ಅಧ್ಯಯನ 12,000ದವರೆಗೂ ಹೋಯಿತು. ನಾಲ್ಕು ವರ್ಷದ ಮೇಲೆ, 1956ರಲ್ಲಿ, ಬ್ರಿಟನ್ನಿನಲ್ಲಿ ಶುದ್ಧ ಗಾಳಿ ಕಾಯ್ದೆ ಬಂತು.

ನನಗೆ ಇಷ್ಟವಾದ ಉದಾಹರಣೆ ಅಮೆರಿಕದ ಯೂಟಾ ಕಣಿವೆಯದು. ಅಲ್ಲೊಂದು ಉಕ್ಕಿನ ಕಾರ್ಖಾನೆ ಕಾರ್ಮಿಕರ ತಕರಾರಿನಿಂದ 1986-87ರಲ್ಲಿ ಒಂದು ವರ್ಷಕ್ಕೂ ಹೆಚ್ಚು ಕಾಲ ಮುಚ್ಚಿತ್ತು. ಜನ ಅವರೇ, ಚಳಿಗಾಲ ಅದೇ, ಆಸ್ಪತ್ರೆಗಳೂ ಅವೇ. ಬದಲಾಗಿದ್ದು ಹೊಗೆ ಮಾತ್ರ. ಕಾರ್ಖಾನೆ ನಡೆಯುತ್ತಿದ್ದ ಚಳಿಗಾಲಗಳಲ್ಲಿ ಉಸಿರಾಟದ ತೊಂದರೆಯಿಂದ ಆಸ್ಪತ್ರೆ ಸೇರಿದ ಮಕ್ಕಳ ಸಂಖ್ಯೆ, ಮುಚ್ಚಿದ್ದ ಚಳಿಗಾಲದ ಎರಡು ಮೂರು ಪಟ್ಟು ಇತ್ತು. ಯಾರೂ ಯೋಜಿಸದೆ ತಾನಾಗಿ ನಡೆದುಹೋದ ಪ್ರಯೋಗ ಅದು. ಇನ್ನು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದವರು ಅಲ್ಲಿನ ಆರು ಊರುಗಳ 8,000ಕ್ಕೂ ಹೆಚ್ಚು ಜನರನ್ನು ಹದಿನಾಲ್ಕು ವರ್ಷಕ್ಕೂ ಮೇಲೆ ಗಮನಿಸಿ 1993ರಲ್ಲಿ ಪ್ರಕಟಿಸಿದ ಅಧ್ಯಯನ ಇದೆ. ಬೀಡಿ ಸಿಗರೇಟು, ವಯಸ್ಸು ಎಲ್ಲ ಲೆಕ್ಕಕ್ಕೆ ತೆಗೆದುಕೊಂಡ ಮೇಲೂ, ಅತಿ ಕೊಳಕು ಗಾಳಿಯ ಊರಿನಲ್ಲಿ ಸಾವಿನ ಪ್ರಮಾಣ ಅತಿ ಶುದ್ಧ ಊರಿಗಿಂತ 26 ಶೇಕಡಾ ಹೆಚ್ಚಿತ್ತು.

ಎಷ್ಟಿದ್ದರೆ ಸುರಕ್ಷಿತ?

ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಇಟ್ಟ ಮಿತಿ: ವರ್ಷದ ಸರಾಸರಿ ಒಂದು ಘನ ಮೀಟರ್ ಗಾಳಿಗೆ 5 ಮೈಕ್ರೋಗ್ರಾಂ, ದಿನದ ಸರಾಸರಿ 15. ಅದಕ್ಕೂ ಮೊದಲು, 2005ರಲ್ಲಿ, ವರ್ಷದ ಮಿತಿ 10 ಇತ್ತು. ಜಗತ್ತಿನ 99 ಶೇಕಡಾ ಜನ ಈ ಮಿತಿಗಳನ್ನು ದಾಟಿದ ಗಾಳಿಯನ್ನೇ ಉಸಿರಾಡುತ್ತಿದ್ದಾರೆ, ಅಂದರೆ ಹೆಚ್ಚುಕಡಿಮೆ ಎಲ್ಲರೂ. ಇದಕ್ಕಿಂತ ಕೆಳಗೆ ಅಪಾಯವೇ ಇಲ್ಲ ಅನ್ನುವ ಗೆರೆ ಈವರೆಗೆ ಸಿಕ್ಕಿಲ್ಲ.

ಫೋನಿನಲ್ಲಿ ಕಾಣುವ ಎಕ್ಯೂಐ (ಗಾಳಿ ಗುಣಮಟ್ಟದ ಸೂಚ್ಯಂಕ) ಒಂದೊಂದು ಕಡೆ ಒಂದೊಂದು ತೋರಿಸುತ್ತದೆ. ಯಾವುದು ಸುಳ್ಳು?

ಎರಡೂ ನಿಜವಿರಬಹುದು. ಎಕ್ಯೂಐ ಅಳತೆ ಅಲ್ಲ, ಅಳತೆಯಿಂದ ಮಾಡಿದ ಅಂಕ. ಪ್ರತಿ ದೇಶ ತನ್ನದೇ ಅಂಕಪಟ್ಟಿ ಇಟ್ಟುಕೊಂಡಿದೆ. ಅಮೆರಿಕದಲ್ಲಿ ಪಿಎಂ 2.5 ಸುಮಾರು 35 ಮೈಕ್ರೋಗ್ರಾಂ ಮುಟ್ಟಿದರೆ ಅಂಕ 100. ಭಾರತದ ಪಟ್ಟಿಯಲ್ಲಿ ಅದೇ 100ಕ್ಕೆ 60 ಮೈಕ್ರೋಗ್ರಾಂ ಬೇಕು. ಜೊತೆಗೆ ಇದು ಎಲ್ಲ ಮಾಲಿನ್ಯಗಳ ಸರಾಸರಿಯಲ್ಲ, ಅವತ್ತು ಯಾವುದು ಅತಿ ಕೆಟ್ಟದೋ ಅದರ ಅಂಕ. ಸುಮ್ನೆ ಅಂಕ ನೋಡಬೇಡಿ, ಅದರ ಕೆಳಗೆ ಮೈಕ್ರೋಗ್ರಾಂ ಎಷ್ಟು ಅಂತ ಇರುತ್ತದೆ, ಅದನ್ನು ನೋಡಿ.

ಮನೆ ಒಳಗಿದ್ದರೆ ಬಚಾವ್ ತಾನೇ?

ಒಳಗೆ ಏನು ಉರಿಯುತ್ತಿದೆ ಅನ್ನುವುದರ ಮೇಲಿದೆ. ಸೌದೆ, ಬೆರಣಿ, ಇದ್ದಿಲು, ಸೀಮೆಎಣ್ಣೆ ಉರಿಸಿ ಅಡುಗೆ ಮಾಡುವವರು ಜಗತ್ತಿನಲ್ಲಿ ಇನ್ನೂ 200 ಕೋಟಿಗೂ ಹೆಚ್ಚಿದ್ದಾರೆ. ಈ ಮನೆಹೊಗೆಯಿಂದ 2020ರಲ್ಲಿ ಸುಮಾರು 32 ಲಕ್ಷ ಸಾವು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ. ಹೊಗೆ ಕುಡಿಯುವವರು ಹೆಚ್ಚಾಗಿ ಹೆಂಗಸರು ಮತ್ತು ಅವರ ಸೊಂಟದ ಮೇಲಿನ ಕೂಸು. ಒಲೆಯ ಮುಂದೆ ಅಳತೆ ಇಟ್ಟರೆ ಕಣಗಳ ಪ್ರಮಾಣ ಕೆಟ್ಟ ದಿನದ ಕೆಟ್ಟ ರಸ್ತೆಗಿಂತಲೂ ಜಾಸ್ತಿ ಬರುತ್ತದೆ. ಆದರೂ ಗಾಳಿಯ ಮಾಲಿನ್ಯ ಅಂದರೆ ಚಿತ್ರದಲ್ಲಿ ಬರುವುದು ಕಾರ್ಖಾನೆ ಚಿಮಣಿ ಮಾತ್ರ, ಅಡುಗೆಮನೆ ಬರುವುದೇ ಇಲ್ಲ.

ಹೊಗೆ ಕಡಿಮೆ ಬಿಡುವ ಸೌದೆ ಒಲೆ ಬಂದಿವೆಯಲ್ಲ?

ಬಂದಿವೆ, ಸೌದೆಯೂ ಉಳಿಯುತ್ತದೆ. ಆರೋಗ್ಯದ ಲಾಭ ಮಾತ್ರ ನಿರೀಕ್ಷಿಸಿದಷ್ಟು ಸಿಕ್ಕಿಲ್ಲ. ಆಫ್ರಿಕಾದ ಮಲಾವಿಯಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಪುಟ್ಟ ಮಕ್ಕಳ ಮೇಲೆ ನಡೆದ ದೊಡ್ಡ ಪರೀಕ್ಷೆಯಲ್ಲಿ ಇಂಥ ಒಲೆ ಕೊಟ್ಟ ಮನೆಗಳಲ್ಲೂ ನ್ಯುಮೋನಿಯಾ ಕಡಿಮೆಯಾಗಲಿಲ್ಲ. ಯಾಕೆ? ಹೊಗೆ 400 ಮೈಕ್ರೋಗ್ರಾಂನಿಂದ 200ಕ್ಕೆ ಇಳಿದರೆ ನಮಗೆ ಅರ್ಧ ಗೆದ್ದ ಹಾಗೆ ಅನ್ನಿಸುತ್ತದೆ. ದೇಹದ ಲೆಕ್ಕ ಹಾಗಿಲ್ಲ. ಅಪಾಯದ ಗೆರೆ ಕೆಳಮಟ್ಟದಲ್ಲೇ ಕಡಿದಾಗಿ ಏರಿ ಮೇಲೆ ಹೋದಂತೆ ಚಪ್ಪಟೆಯಾಗುತ್ತದೆ, ಹಾಗಾಗಿ ಮೇಲಿನಿಂದ ಅರ್ಧ ಇಳಿದರೂ ಸಿಗುವುದು ಸ್ವಲ್ಪ. ಜೊತೆಗೆ ಹಳೆ ಒಲೆ ಯಾರೂ ಎಸೆಯುವುದಿಲ್ಲ, ನೀರು ಕಾಯಿಸಲು ಅದು, ಅಡುಗೆಗೆ ಇದು ಅಂತ ಎರಡೂ ನಡೆಯುತ್ತವೆ. ಪಕ್ಕದ ಮನೆಯ ಹೊಗೆ ಬೇರೆ.

ಅಡುಗೆ ಅನಿಲ ಕೊಟ್ಟು ಭಾರತ, ಗ್ವಾಟೆಮಾಲಾ, ಪೆರು, ರುವಾಂಡಾಗಳಲ್ಲಿ ಮಾಡಿದ ಪರೀಕ್ಷೆಯಲ್ಲಿ ಹೊಗೆಯೇನೋ ಚೆನ್ನಾಗಿ ಇಳಿಯಿತು, ಆದರೆ ಕೂಸುಗಳ ಹುಟ್ಟುತೂಕದಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಬರಲಿಲ್ಲ. ಇದನ್ನು ಮುಚ್ಚಿಡುವುದು ಸರಿಯಲ್ಲ. ಗರ್ಭಿಣಿಯಾದ ಮೇಲೆ ಕೆಲವು ತಿಂಗಳು ಒಲೆ ಬದಲಿಸಿದರೆ ಅಷ್ಟು ವರ್ಷದ ಹೊಗೆಯ ಲೆಕ್ಕ ತೀರಿಬಿಡುತ್ತದೆ ಅಂತ ನಾನಂತೂ ನಂಬುವುದಿಲ್ಲ.

ಗ್ಯಾಸ್ ಒಲೆಯೂ ಕೆಟ್ಟದ್ದು ಅಂತಾರೆ. ನಿಜವಾ?

ಸೌದೆಯ ಮುಂದೆ ಗ್ಯಾಸ್ ಬಂಗಾರ. ಮೊದಲು ಅದನ್ನು ಒಪ್ಪಿಕೊಳ್ಳೋಣ. ಆದರೆ ನೀಲಿ ಉರಿಯಲ್ಲೂ ನೈಟ್ರೋಜನ್ ಡೈಆಕ್ಸೈಡ್ ಹುಟ್ಟುತ್ತದೆ, ಉಬ್ಬಸ ಇರುವವರಿಗೆ ಅದು ಕಿರಿಕಿರಿ ಮಾಡುತ್ತದೆ. ಕಿಟಕಿ ತೆಗೆಯಿರಿ, ಗಾಳಿ ಹೊರದಬ್ಬುವ ಫ್ಯಾನ್ ಹಾಕಿ. ಇಂಡಕ್ಷನ್ ಒಲೆಯಲ್ಲಿ ಉರಿಯೇ ಇಲ್ಲ. ಎಣ್ಣೆ ಕಾದು ಬರುವ ಹೊಗೆ ಮಾತ್ರ ಅದರಲ್ಲೂ ಬರುತ್ತದೆ, ಫ್ಯಾನಿಗೆ ರಜೆ ಇಲ್ಲ.

ಚಳಿಗಾಲದಲ್ಲೇ ಯಾಕೆ ಇಷ್ಟು ಕೆಡುತ್ತದೆ? ಬೆಳಗಿನ ವಾಕಿಂಗ್ ಬಿಡಬೇಕಾ?

ಸಾಮಾನ್ಯವಾಗಿ ನೆಲದ ಹತ್ತಿರದ ಗಾಳಿ ಬೆಚ್ಚಗಿದ್ದು ಮೇಲೇಳುತ್ತದೆ, ಹೊಗೆಯನ್ನೂ ಎತ್ತಿಕೊಂಡು ಹೋಗುತ್ತದೆ. ಚಳಿಯ ರಾತ್ರಿ ನೆಲ ಬೇಗ ತಣ್ಣಗಾಗಿ, ತಂಪು ಗಾಳಿ ಕೆಳಗೆ, ಬೆಚ್ಚಗಿನದು ಮೇಲೆ ಆಗಿಬಿಡುತ್ತದೆ. ಹೊಗೆ ಏಳಲು ದಾರಿ ಇಲ್ಲ. ಹೊಗೆ ಅಷ್ಟೇ ಇದ್ದರೂ ಅದು ತುಂಬಿಕೊಳ್ಳುವ ಕೋಣೆಯ ಎತ್ತರ ಕುಗ್ಗಿದ ಹಾಗೆ. ಬಿಸಿಲು ಏರಿ ನೆಲ ಕಾದ ಮೇಲೆ ಮುಚ್ಚಳ ತೆರೆಯುತ್ತದೆ. ಅದಕ್ಕೇ ಚಳಿಗಾಲದ ಮುಂಜಾನೆಯ ಗಾಳಿ ತಾಜಾ ಅನ್ನಿಸಿದರೂ ಹಲವೆಡೆ ದಿನದ ಅತಿ ಕೊಳಕು ಗಾಳಿ ಅದೇ. ಬೇಸಿಗೆಯಲ್ಲಿ ಉಲ್ಟಾ: ಬಿಸಿಲಿನಲ್ಲಿ ಓಜೋನ್ ಹುಟ್ಟುತ್ತದೆ (ನೆಲಮಟ್ಟದಲ್ಲಿ ಇದು ಉಸಿರಿಗೆ ಕೆಟ್ಟ ಅನಿಲ), ಮಧ್ಯಾಹ್ನದ ನಂತರ ಜಾಸ್ತಿ.

ವಾಕಿಂಗ್ ಬಿಡಬೇಡಿ, ಹೊತ್ತು ಬದಲಿಸಿ. ದೊಡ್ಡ ರಸ್ತೆ ಬಿಟ್ಟು ಒಳಗಿನ ಬೀದಿಗೆ ಹೋಗಿ. ಹೃದಯದ ಕಾಯಿಲೆ, ಉಬ್ಬಸ ಇರುವವರು ತೀರಾ ಕೆಟ್ಟ ದಿನ ಮನೆಯಲ್ಲೇ ಇರಲಿ.

ಮಾಸ್ಕ್ ಹಾಕಿದರೆ ಸಾಕಾ?

ಬಟ್ಟೆಯ ಮಾಸ್ಕ್ ಸಣ್ಣ ಕಣಕ್ಕೆ ಹೆಚ್ಚೇನೂ ಮಾಡುವುದಿಲ್ಲ. ಎನ್95 ಚೆನ್ನಾಗಿ ಕೆಲಸ ಮಾಡುತ್ತದೆ, 0.3 ಮೈಕ್ರಾನಿನಷ್ಟು ಸಣ್ಣ ಕಣಗಳನ್ನೂ ಕನಿಷ್ಠ 95 ಶೇಕಡಾ ತಡೆಯುತ್ತದೆ, ಮುಖಕ್ಕೆ ಸರಿಯಾಗಿ ಕೂತರೆ ಮಾತ್ರ. ಗಡ್ಡ ಇದ್ದರೆ ಪಕ್ಕದಿಂದ ನುಸುಳುತ್ತದೆ. ಓಜೋನ್, ನೈಟ್ರೋಜನ್ ಡೈಆಕ್ಸೈಡ್ ಥರದ ಅನಿಲಗಳಿಗೆ ಇದು ತಡೆಯೇ ಅಲ್ಲ.

ಏರ್ ಪ್ಯೂರಿಫೈಯರ್? ಗಾಳಿ ಶುದ್ಧ ಮಾಡುವ ಕುಂಡದ ಗಿಡ?

ಹೆಪಾ ಫಿಲ್ಟರ್ (ಸಣ್ಣ ಕಣಗಳನ್ನೂ ಹಿಡಿಯುವ ಜರಡಿ) ಇರುವ ಯಂತ್ರ ಮುಚ್ಚಿದ ಕೋಣೆಯಲ್ಲಿ ಕೆಲಸ ಮಾಡುತ್ತದೆ. ಕೋಣೆಯ ಅಳತೆಗೆ ತಕ್ಕದ್ದು ಕೊಳ್ಳಿ, ಫಿಲ್ಟರ್ ಬದಲಿಸಿ, ಓಜೋನ್ ಬಿಡುವ ಯಂತ್ರವನ್ನು ಮನೆಗೇ ತರಬೇಡಿ.

ಗಿಡದ ಕತೆ ಶುರುವಾದದ್ದು ನಾಸಾ 1989ರಲ್ಲಿ ಪ್ರಕಟಿಸಿದ ಒಂದು ಪ್ರಯೋಗದಿಂದ. ಅದು ಗಾಳಿಯಾಡದ ಸಣ್ಣ ಪೆಟ್ಟಿಗೆಯೊಳಗೆ ಮಾಡಿದ್ದು. ಮನೆ ಪೆಟ್ಟಿಗೆ ಅಲ್ಲವಲ್ಲ. ಕಿಟಕಿ ಸಂದಿಯಿಂದ ಬಂದು ಹೋಗುವ ಗಾಳಿಗೆ ಸಮನಾಗಿ ಗಿಡ ಕೆಲಸ ಮಾಡಬೇಕಾದರೆ ಒಂದು ಚದರ ಮೀಟರಿಗೆ ಕನಿಷ್ಠ ಹತ್ತು ಗಿಡ ಬೇಕು ಅಂತ 2019ರ ಒಂದು ಮರುಪರಿಶೀಲನೆ ಲೆಕ್ಕ ಹಾಕಿತು. ಆಮೇಲೆ ನೀವು ಎಲ್ಲಿ ಮಲಗ್ತೀರಿ?

ಊರಿನ ಮಧ್ಯೆ ದೊಡ್ಡ ಗಾಳಿಶುದ್ಧಿ ಗೋಪುರ ಕಟ್ಟಿದರೆ?

ಒಂದು ಸಣ್ಣ ಲೆಕ್ಕ ಮಾಡೋಣ. ಹತ್ತು ಕಿಲೋಮೀಟರ್ ಉದ್ದ, ಹತ್ತು ಕಿಲೋಮೀಟರ್ ಅಗಲದ ಊರು. ನೂರು ಮೀಟರ್ ಎತ್ತರದವರೆಗಿನ ಗಾಳಿ ಮಾತ್ರ ತೆಗೆದುಕೊಂಡರೂ 1,000 ಕೋಟಿ ಘನ ಮೀಟರ್ ಆಯಿತು. ಗೋಪುರ ಸೆಕೆಂಡಿಗೆ 1,000 ಘನ ಮೀಟರ್ ಸೋಸುತ್ತದೆ ಅಂದುಕೊಳ್ಳಿ. ಊರಿನ ಗಾಳಿಯನ್ನು ಒಮ್ಮೆ ಸೋಸಿ ಮುಗಿಸಲು ಸುಮಾರು 115 ದಿನ ಬೇಕು. ಇತ್ತ ಸೆಕೆಂಡಿಗೆ ಎರಡು ಮೀಟರ್ ಬೀಸುವ ಮೆಲುಗಾಳಿ ಒಂದೂವರೆ ಗಂಟೆಯೊಳಗೆ ಊರಿನ ಗಾಳಿಯನ್ನೆಲ್ಲ ಬದಲಿಸಿ, ಹೊಸ ಹೊಗೆ ತಂದು ಸುರಿದಿರುತ್ತದೆ. ಸಮುದ್ರವನ್ನು ಚಹಾ ಸೋಸುವ ಜಾಲರಿಯಲ್ಲಿ ಸೋಸಿದ ಹಾಗೆ. ಉದ್ಘಾಟನೆಯ ಫೋಟೋಗೆ ಚೆನ್ನಾಗಿರುತ್ತದೆ, ಅಷ್ಟೇ.

ಕಲ್ಲಿದ್ದಲು ಸುಟ್ಟು ಕರೆಂಟ್ ಮಾಡಿ ಅದರಿಂದ ಗಾಡಿ ಓಡಿಸಿದರೆ ಹೊಗೆ ಆ ಕಡೆಯಿಂದ ಈ ಕಡೆ ಹೋಯಿತು ಅಷ್ಟೇ ಅಲ್ವಾ?

ಇದರಲ್ಲಿ ಅರ್ಧ ನಿಜ ಇದೆ, ಆ ಅರ್ಧವನ್ನು ಅಲ್ಲಗಳೆಯುವುದಿಲ್ಲ. ಉಳಿದರ್ಧ ನೋಡಿ. ಪೆಟ್ರೋಲ್ ಎಂಜಿನ್ ಇಂಧನದ ಶಕ್ತಿಯಲ್ಲಿ ಚಕ್ರಕ್ಕೆ ಮುಟ್ಟಿಸುವುದು 20ರಿಂದ 30 ಶೇಕಡಾ, ಉಳಿದದ್ದು ಬಿಸಿಯಾಗಿ ಹೋಗುತ್ತದೆ. ವಿದ್ಯುತ್ ಮೋಟಾರು ಬ್ಯಾಟರಿಯಲ್ಲಿದ್ದ ಶಕ್ತಿಯ ಬಹುಪಾಲನ್ನು ಚಕ್ರಕ್ಕೆ ಕೊಡುತ್ತದೆ. ಎರಡನೆಯದು, ಹೊಗೆ ಎಲ್ಲಿ ಬಿಡುತ್ತೇವೆ ಅನ್ನುವುದು ಮುಖ್ಯ. ಎತ್ತರದ ಚಿಮಣಿಯಿಂದ ಹೊರಟ ಒಂದು ಕಿಲೋ ಹೊಗೆಯಲ್ಲಿ ಜನರ ಮೂಗಿಗೆ ಬರುವ ಪಾಲು, ಜನ ತುಂಬಿದ ರಸ್ತೆಯಲ್ಲಿ ಮುಖದ ಮುಂದೆ ಬಿಟ್ಟ ಹೊಗೆಗಿಂತ ಬಹಳ ಕಡಿಮೆ. ಮೂರನೆಯದು, ಲಕ್ಷ ಗಾಡಿಗಳ ಹೊಗೆ ಕೊಳವೆಗೆ ಕಾವಲು ಇಡುವುದಕ್ಕಿಂತ ಒಂದು ಚಿಮಣಿಗೆ ಗಂಧಕ ತೊಳೆಯುವ ಯಂತ್ರ ಕೂರಿಸುವುದು ಸುಲಭ. ಕೂರಿಸದೆ ಬಿಟ್ಟರೆ ನಿಮ್ಮ ಆಕ್ಷೇಪಕ್ಕೆ ಬಲ ಬರುತ್ತದೆ.

ಇನ್ನೊಂದು ವಿಷಯ ಎಲ್ಲರೂ ಮರೆಯುತ್ತಾರೆ. ಪೆಟ್ರೋಲ್ ಗಾಡಿ ಹಳೆಯದಾದಷ್ಟೂ ಕೊಳಕಾಗುತ್ತದೆ. ಕರೆಂಟ್ ಗಾಡಿ, ವಿದ್ಯುತ್ ತಂತಿಜಾಲಕ್ಕೆ ಬಿಸಿಲು ಗಾಳಿಯ ವಿದ್ಯುತ್ ಸೇರಿದಂತೆಲ್ಲ, ನಿಂತಲ್ಲೇ ಶುದ್ಧವಾಗುತ್ತದೆ.

ಟೈರು ಸವೆದು ಬರುವ ಧೂಳು ಮಾತ್ರ ಹೋಗುವುದಿಲ್ಲ. ಗಾಡಿ ಭಾರವಾದಷ್ಟೂ ಅದು ಜಾಸ್ತಿ. ಬ್ರೇಕಿನ ಧೂಳು ಕಡಿಮೆಯಾಗುತ್ತದೆ, ಯಾಕಂದರೆ ನಿಧಾನಿಸುವ ಕೆಲಸವನ್ನು ಮೋಟಾರೇ ಮಾಡುತ್ತದೆ. ಒಟ್ಟಿನಲ್ಲಿ ಒಬ್ಬರೇ ಕೂತ ಕರೆಂಟ್ ಕಾರಿಗಿಂತ ತುಂಬಿದ ಬಸ್ಸು ಯಾವತ್ತಿಗೂ ಮೇಲು.

ಬಿಸಿಲಿನ ವಿದ್ಯುತ್ ಅಂತೀರಿ, ಸೂರ್ಯ ಮುಳುಗಿದ ಮೇಲೆ ಏನು ಮಾಡ್ತೀರಿ?

ಬ್ಯಾಟರಿ, ಗಾಳಿ, ಜಲವಿದ್ಯುತ್. ಹಗಲು ಮಿಕ್ಕ ಕರೆಂಟಿನಲ್ಲಿ ನೀರನ್ನು ಮೇಲಿನ ಕೆರೆಗೆ ಏರಿಸಿ ರಾತ್ರಿ ಕೆಳಗೆ ಬಿಡುವ ಪದ್ಧತಿ ಬಹಳ ಹಳೆಯದು. ಬ್ಯಾಟರಿಯ ಬೆಲೆ 2010ರಿಂದ ಈಚೆಗೆ ಸುಮಾರು 90 ಶೇಕಡಾ ಇಳಿದಿದೆ, ಸೌರ ಫಲಕದ್ದೂ ಹೆಚ್ಚುಕಡಿಮೆ ಹಾಗೇ. ಹತ್ತು ವರ್ಷದ ಹಿಂದೆ ಈ ಪ್ರಶ್ನೆಗೆ ನಾನು ತಡವರಿಸುತ್ತಿದ್ದೆ, ಈಗ ಇಲ್ಲ. ಆದರೂ ತಂತಿಜಾಲ ಬಲವಾಗದೆ ಇದು ಆಗುವುದಿಲ್ಲ. ಫಲಕದ ಫೋಟೋ ತೆಗೆಯಲು ಎಲ್ಲರೂ ಬರುತ್ತಾರೆ, ಟ್ರಾನ್ಸ್‌ಫಾರ್ಮರ್ ಹತ್ತಿರ ಯಾರೂ ನಿಲ್ಲುವುದಿಲ್ಲ.

ಕಲ್ಲಿದ್ದಲಿನಿಂದಲೇ ಕೈಗಾರಿಕೆ ಶುರು ಮಾಡಿದ ಬ್ರಿಟನ್ ತನ್ನ ಕೊನೆಯ ಕಲ್ಲಿದ್ದಲು ವಿದ್ಯುತ್ ಸ್ಥಾವರವನ್ನು 2024ರ ಸೆಪ್ಟೆಂಬರ್ 30ರಂದು ಮುಚ್ಚಿತು.

ಫಲಕ, ಬ್ಯಾಟರಿ ಕಸ ಆದಾಗ?

ಕಸ ಆಗುತ್ತದೆ, ನಿಭಾಯಿಸಬೇಕು. ಫಲಕದ ತೂಕದಲ್ಲಿ ಹೆಚ್ಚಿನದು ಗಾಜು ಮತ್ತು ಅಲ್ಯೂಮಿನಿಯಂ, ಎರಡನ್ನೂ ಮತ್ತೆ ಬಳಸಬಹುದು. ಹೋಲಿಸುವಾಗ ಕಲ್ಲಿದ್ದಲಿನ ಹಾರುಬೂದಿಯನ್ನೂ ತಕ್ಕಡಿಗೆ ಹಾಕಿ. ಫಲಕ 25-30 ವರ್ಷಕ್ಕೊಮ್ಮೆ ಕಸ, ಬೂದಿ ಪ್ರತಿದಿನ ಕಸ.

ಅಣು ವಿದ್ಯುತ್ ಅಪಾಯ ಅಲ್ವಾ?

ಹೆದರಿಕೆ ಅರ್ಥವಾಗುತ್ತದೆ. ಆದರೆ ಅಪಘಾತ ಮತ್ತು ಹೊಗೆ ಎರಡರ ಸಾವನ್ನೂ ಸೇರಿಸಿ, ಅಷ್ಟೇ ವಿದ್ಯುತ್ತಿಗೆ ಲೆಕ್ಕ ಹಾಕಿದರೆ ಕಲ್ಲಿದ್ದಲಿನದು ಅಣು ವಿದ್ಯುತ್ತಿನ ನೂರಾರು ಪಟ್ಟು. ಕಟ್ಟಲು ಹಿಡಿಯುವ ವರ್ಷಗಳು, ಖರ್ಚು, ತ್ಯಾಜ್ಯ ಬೇರೆ ಚರ್ಚೆ.

ಗಣಿ ಕೆಲಸದವರ ಗತಿ?

ಇದನ್ನು ಲಘುವಾಗಿ ತೆಗೆದುಕೊಳ್ಳುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಮಸಿ ಹೆಚ್ಚು ಕುಡಿದವರೂ ಅವರೇ, ಈಗ ಕೆಲಸ ಕಳೆದುಕೊಳ್ಳುವವರೂ ಅವರೇ. ಸ್ಪೇನಿನಲ್ಲಿ 2018ರಲ್ಲಿ ಸರ್ಕಾರ ಗಣಿ ಕಾರ್ಮಿಕ ಸಂಘಗಳ ಜೊತೆ ಕೂತು ಒಪ್ಪಂದ ಮಾಡಿಕೊಂಡಿತು: ವಯಸ್ಸಾದವರಿಗೆ ಬೇಗ ನಿವೃತ್ತಿ, ಉಳಿದವರಿಗೆ ಹೊಸ ತರಬೇತಿ, ಗಣಿ ಜಾಗದ ದುರಸ್ತಿಯಲ್ಲಿ ಕೆಲಸ. ಮುಖ್ಯ ಏನಂದರೆ ಮಾತುಕತೆ ಗಣಿಗೆ ಬೀಗ ಬೀಳುವ ಮೊದಲೇ ಆಗಬೇಕು.

ಗಾಳಿ ಕೆಡುವುದೂ ಭೂಮಿ ಬಿಸಿಯಾಗುವುದೂ ಒಂದೇನಾ?

ಒಲೆ ಒಂದೇ, ಹೊಗೆ ಬೇರೆ ಬೇರೆ. ಇಂಗಾಲದ ಡೈಆಕ್ಸೈಡ್ ಶತಮಾನಗಟ್ಟಲೆ ಉಳಿಯುತ್ತದೆ, ಕಣಗಳು ಕೆಲವು ದಿನ, ಹೆಚ್ಚೆಂದರೆ ವಾರಗಳಲ್ಲಿ ಉದುರಿಹೋಗುತ್ತವೆ. ಉರಿಸುವುದು ನಿಲ್ಲಿಸಿದರೆ ಹವಾಮಾನದ ಫಲಕ್ಕೆ ಮೊಮ್ಮಕ್ಕಳವರೆಗೆ ಕಾಯಬೇಕು, ಉಸಿರಿನ ಫಲ ನಿಮಗೇ ಸಿಗುತ್ತದೆ. ಒಂದು ತೊಡಕೂ ಇದೆ: ಸಲ್ಫೇಟ್ ಕಣಗಳು ಬಿಸಿಲನ್ನು ವಾಪಸ್ ಕಳಿಸಿ ಭೂಮಿಯನ್ನು ಸ್ವಲ್ಪ ತಂಪಾಗಿಡುತ್ತವೆ. ಅವನ್ನು ತೆಗೆದರೆ ಇಷ್ಟು ದಿನ ಮರೆಯಲ್ಲಿದ್ದ ಬಿಸಿ ಹೊರಬರುತ್ತದೆ. ಹಾಗಂತ ಜನರಿಗೆ ವಿಷ ಕುಡಿಸಿ ಭೂಮಿ ತಂಪಾಗಿಡಲು ಆಗುತ್ತದಾ?

ಫಲ ಎಷ್ಟು ಬೇಗ ಕಾಣುತ್ತದೆ?

ನೀವು ಅಂದುಕೊಂಡದ್ದಕ್ಕಿಂತ ಬೇಗ. ಐರ್ಲೆಂಡಿನ ಡಬ್ಲಿನ್ ನಗರದಲ್ಲಿ 1990ರ ಸೆಪ್ಟೆಂಬರ್ 1ರಿಂದ ಹೊಗೆ ಬಿಡುವ ಕಲ್ಲಿದ್ದಲು ಮಾರುವುದನ್ನು ನಿಷೇಧಿಸಿದರು. ಕಪ್ಪು ಹೊಗೆ 70 ಶೇಕಡಾ ಇಳಿಯಿತು, ಉಸಿರಾಟದ ಕಾಯಿಲೆಯ ಸಾವುಗಳೂ ಇಳಿದವು. ಹೃದಯದ ಸಾವುಗಳೂ ಇಳಿದವು ಅಂತ ಮೊದಲು ಹೇಳಿದ್ದರು, ಮತ್ತೆ ಲೆಕ್ಕ ಹಾಕಿದಾಗ ಆ ಭಾಗ ಗಟ್ಟಿಯಾಗಿ ನಿಲ್ಲಲಿಲ್ಲ. ಬೀಜಿಂಗಿನಲ್ಲಿ 2013ರಲ್ಲಿ ವರ್ಷದ ಸರಾಸರಿ ಪಿಎಂ 2.5 ಸುಮಾರು 90 ಮೈಕ್ರೋಗ್ರಾಂ ಇತ್ತು, 2021ಕ್ಕೆ 33. ಕಲ್ಲಿದ್ದಲು ಬಾಯ್ಲರ್, ಮನೆಗಳ ಕಲ್ಲಿದ್ದಲು ಒಲೆ, ಹಳೆ ಗಾಡಿ, ಒಂದೊಂದನ್ನೇ ತೆಗೆದರು. ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ ಗಾಳಿ ಸುಧಾರಿಸಿದ ಮೇಲೆ ಬೆಳೆದ ಮಕ್ಕಳ ಶ್ವಾಸಕೋಶ, ಅದೇ ಊರುಗಳಲ್ಲಿ ಮೊದಲು ಬೆಳೆದ ಮಕ್ಕಳಿಗಿಂತ ಚೆನ್ನಾಗಿ ಬೆಳೆದಿರುವುದನ್ನು 2015ರಲ್ಲಿ ತೋರಿಸಿದರು.

ತಡವಾದದ್ದೂ ಇದೆ. ಪೆಟ್ರೋಲಿಗೆ ಸೀಸ ಬೆರೆಸುವುದು ಶುರುವಾದದ್ದು 1920ರ ದಶಕದಲ್ಲಿ. ಕೊನೆಯ ದೇಶ ಅಲ್ಜೀರಿಯಾ ಅದನ್ನು ಬಿಟ್ಟದ್ದು 2021ರಲ್ಲಿ.

ಮನೆಗೊಂದು ಸಣ್ಣ ಮಾಪಕ ಕೊಳ್ಳಬಹುದಾ?

ಕೊಳ್ಳಿ, ಆದರೆ ಅದರ ಅಂಕಿಯನ್ನು ವೇದವಾಕ್ಯ ಮಾಡಿಕೊಳ್ಳಬೇಡಿ. ಬೆಳಕು ಬಿಟ್ಟು ಕಣ ಎಣಿಸುವ ಇಂಥ ಅಗ್ಗದ ಸಾಧನಗಳು ಮಂಜು, ತೇವ ಇದ್ದಾಗ ನೀರಿನ ಹನಿಯನ್ನೂ ಹೊಗೆ ಅಂತ ಎಣಿಸಿಬಿಡುತ್ತವೆ. ಏರಿತಾ ಇಳಿಯಿತಾ ಅಂತ ನೋಡಲು ಸಾಕು. ತಂದ ದಿನವೇ ಅಡುಗೆಮನೆಯಲ್ಲಿಟ್ಟು ಒಗ್ಗರಣೆ ಹಾಕಿ. ಅಂಕಿ ಏರುವುದನ್ನು ನೋಡಿ, ಫ್ಯಾನ್ ಹಾಕಿ, ಕಿಟಕಿ ತೆಗೆದು ಮತ್ತೆ ನೋಡಿ. ಮಲಗುವ ಕೋಣೆಯಲ್ಲಿ ಸೊಳ್ಳೆ ಬತ್ತಿ ಹಚ್ಚುವ ಅಭ್ಯಾಸ ಇದ್ದರೆ ಅಲ್ಲೂ ಒಂದು ರಾತ್ರಿ ಇಟ್ಟು ನೋಡಿ.